ಮಳೆಗಾಲಕ್ಕೆ ಆಗದ ಪುಡಿ

ಪ್ರಶ್ನೆ: ಮಾಷ್ಟ್ರೇ, ಮಗಳು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಅವಳ ಲ್ಯಾಬಿನಲ್ಲಿ ಕ್ಯಾಲ್ಸಿಯಂ ಹೈಡ್ರೈಡ್ ಅಂತ ಒಂದು ಪುಡಿ ಇದೆಯಂತೆ. ನೀರು ತಾಗಿದರೆ ಬೆಂಕಿ ಹತ್ತಬಹುದು ಅಂತಾಳೆ. ಡಾಕ್ಟರು ನನಗೆ ಮೂಳೆಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಇದೂ ಅದೇನಾ? ಇಂಥದ್ದನ್ನು ಯಾಕೆ ಇಟ್ಟುಕೊಳ್ಳುತ್ತಾರೆ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಮಾತ್ರೆ ನಿಲ್ಲಿಸಬೇಡಿ ಅಮ್ಮ. ಅದರಲ್ಲಿರುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಮರುವಾಯಿ ಚಿಪ್ಪಿನಲ್ಲಿ ಇರುವಂಥದ್ದೇ. ಮಗಳ ಲ್ಯಾಬಿನದ್ದು ಬೇರೆ. ಕ್ಯಾಲ್ಸಿಯಂ ಲೋಹವನ್ನು 300–400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಹೈಡ್ರೋಜನ್ ಹಾಯಿಸಿದರೆ ಸಿಗುವ ಬೂದು ಪುಡಿ.

ನೀರು ಸಿಕ್ಕಿತೋ, ಬುಸ್ಸೆಂದು ಹೈಡ್ರೋಜನ್ ಬಿಡುತ್ತದೆ. ಜೊತೆಗೆ ಬಿಸಿ. ಆ ಬಿಸಿಗೆ ಗ್ಯಾಸು ಹೊತ್ತಿಕೊಳ್ಳಬಹುದು. ಒಂದು ಕಿಲೋ ಪುಡಿಯಿಂದ ಸುಮಾರು 1,000 ಲೀಟರ್ ಗ್ಯಾಸು, ಟೆರೇಸಿನ ಟ್ಯಾಂಕಿ ತುಂಬುವಷ್ಟು! ಹಿಂದೆ ಹವಾಮಾನದ ಬಲೂನು ಉಬ್ಬಿಸಲು ಇದನ್ನು ಬಳಸುತ್ತಿದ್ದರು. ಆಗ ಇದಕ್ಕೆ ಹೈಡ್ರೋಲಿತ್ ಎಂಬ ಹೆಸರಿತ್ತು. ಕೊನೆಗೆ ಉಳಿಯುವುದೇನು ಗೊತ್ತಾ? ಸುಣ್ಣ. ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ. (ಹಾಗಂತ ಲ್ಯಾಬಿನದ್ದು ಹಚ್ಚಬೇಡಿ.)

ಉಪಯೋಗ ಇರುವುದೂ ಈ ನೀರಿನ ಹುಚ್ಚಿನಿಂದಲೇ. ಟೊಲುವೀನಿನಂಥ ದ್ರಾವಕದಲ್ಲಿ ಚೂರೇ ಚೂರು ನೀರಿದ್ದರೂ ಕೆಲವು ಪ್ರಯೋಗ ಕೆಡುತ್ತವೆ. ಈ ಪುಡಿ ಹಾಕಿ ಕುದಿಸಿ ಬಟ್ಟಿ ಇಳಿಸಿದರೆ ನೀರೆಲ್ಲ ಪುಡಿಯ ಪಾಲು. ಸೋಡಿಯಂ ಲೋಹಕ್ಕೆ ಹೋಲಿಸಿದರೆ ಇದು ಸಾಧು. ಮೆಥನಾಲ್, ಎಥನಾಲ್‌ಗೆ ಮಾತ್ರ ಹಾಕಬಾರದು, ಅವುಗಳ ಜೊತೆಗೂ ಜಗಳಕ್ಕೆ ನಿಲ್ಲುತ್ತದೆ. ಟೈಟಾನಿಯಂ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತು ಲೋಹದ ಪುಡಿ ಮಾಡಲೂ ಬರುತ್ತದೆ.

ಉಡುಪಿಯಲ್ಲಿ ಪಾಠ ಮಾಡುತ್ತಿದ್ದಾಗ, ಒಂದು ಜುಲೈನಲ್ಲಿ ಇದರ ಬಾಟಲಿಯ ಮುಚ್ಚಳ ಸಡಿಲ ಬಿಟ್ಟಿದ್ದೆ. ನಮ್ಮ ಮಳೆಗಾಲದ ಗಾಳಿ ಸಾಕಲ್ವಾ? ವಾರ ಕಳೆದು ನೋಡಿದರೆ ಮೇಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ಸುಣ್ಣ ಆಗಿಹೋಯಿತು ಅಂತ ಸುಮ್ನೆ ಸಿಂಕಿಗೆ ಸುರಿದು ನಳ್ಳಿ ತಿರುಗಿಸಿದೆ. ಅಡಿಯಲ್ಲಿದ್ದ ಬೂದು ಪುಡಿ ಇನ್ನೂ ಜೀವಂತ ಇತ್ತು! ನೊರೆ ಉಕ್ಕಿ ಮೊಣಕೈವರೆಗೆ ಹಾರಿತು. ಪುಣ್ಯಕ್ಕೆ ಪಕ್ಕದ ಬರ್ನರ್ ಆರಿತ್ತು.

ಬೆಂಕಿ ಹತ್ತಿದರೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ, ಒಣ ಮರಳು ಬೇಕು. ಲ್ಯಾಬಿನಲ್ಲಿ ಮರಳಿನ ಬಕೆಟ್ ಎಲ್ಲಿಟ್ಟಿದ್ದಾರೆ ಅಂತ ಮಗಳನ್ನು ಕೇಳಿ. ನಮ್ಮಲ್ಲೂ ಒಂದಿತ್ತು, ವರಾಂಡದಲ್ಲಿ, ಸೋರುವ ಹಂಚಿನ ಅಡಿಯಲ್ಲಿ.