ವಿದ್ವತ್ ಮುಗಿಸಿ ಇಂಗ್ಲೆಂಡಿಗೆ ಬಂದ ವೀಣೆಯ ಟೀಚರಿಗೆ

ನಮಸ್ಕಾರ. ಮೈಸೂರಿನಲ್ಲಿ ವೀಣೆಯಲ್ಲಿ ವಿದ್ವತ್ ಎಂಬ ಉನ್ನತ ಸಂಗೀತ ಪರೀಕ್ಷೆ ಮುಗಿಸಿ, ಆರು ವರ್ಷ ಮನೆಯಲ್ಲೇ ಪಾಠ ಹೇಳಿ, ಈಗ ಯಜಮಾನರ ಕೆಲಸದ ನಿಮಿತ್ತ ರೆಡಿಂಗ್‌ಗೆ ಬಂದಿದ್ದೀರಿ. ಸಂಗೀತ ಶಿಕ್ಷಕಿಯಾಗಿ ಇಲ್ಲಿ ಬೆಳೆಯಲು ಸಾಧ್ಯವೇ, ಇಲ್ಲವೇ ಅದು ಶನಿವಾರದ ಹವ್ಯಾಸವಾಗಿ ಉಳಿದುಬಿಡುತ್ತದೆಯೇ ಎಂದು ಕೇಳಿದ್ದೀರಿ. ನಾನು ಲಂಡನ್ನಿಗೆ ಬಂದು 19 ವರ್ಷವಾಯಿತು, ಅದರಲ್ಲಿ 17 ವರ್ಷ ಪಾಠ ಹೇಳಿದ್ದೇನೆ. ಬೆಳೆಯಲು ಖಂಡಿತ ಸಾಧ್ಯವಿದೆ, ಆದರೆ ಅದಕ್ಕಾಗಿ ಪಾಠ ಹೇಳುವುದನ್ನೇ ಇನ್ನೊಮ್ಮೆ ಕಲಿಯಬೇಕಾಗುತ್ತದೆ.

ಕಾಗದಪತ್ರದ ವಿಷಯವನ್ನು ಮೊದಲು ಮುಗಿಸುತ್ತೇನೆ. ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿಗೆ ಸ್ವಂತವಾಗಿ ಪಾಠ ನಡೆಸಲು ಅನುಮತಿ ಇದೆ. ಆದರೂ ನಿಮ್ಮ ವೀಸಾದ ಷರತ್ತುಗಳನ್ನು ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ. ತೆರಿಗೆಯ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಆ ವರ್ಷ ಪಾಠದಿಂದ ಬಂದ ಹಣ 1,000 ಪೌಂಡ್ ದಾಟಿದ್ದರೆ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡು, ಜನವರಿ 31ರೊಳಗೆ ಲೆಕ್ಕ ಒಪ್ಪಿಸಬೇಕು. ಶಾಲೆಗಳು ಡಿಬಿಎಸ್ ಎಂಬ ಹಿನ್ನೆಲೆ ಪರಿಶೀಲನೆಯ ಪತ್ರವನ್ನು ಕೇಳಿಯೇ ಕೇಳುತ್ತವೆ. ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಪಡೆಯುವ ಬದಲು ಶಾಲೆಯ ಟರ್ಮ್ ಲೆಕ್ಕದಲ್ಲಿ ಮುಂಗಡವಾಗಿ ಪಡೆಯಿರಿ, ಏಕೆಂದರೆ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಮಕ್ಕಳು ರಜೆಗೆ ಊರಿಗೆ ಹೋಗಿಬಿಡುತ್ತಾರೆ.

ಇನ್ನು ಪಾಠದ ಮಾತು. ಮೊದಲ ವರ್ಷ ನನ್ನಲ್ಲಿಗೆ ಒಂಬತ್ತು ಮಕ್ಕಳು ಬಂದರು. ನನ್ನ ಗುರುಗಳು ನನಗೆ ಹೇಳಿಕೊಟ್ಟಂತೆಯೇ ಮೊದಲ ಸ್ವರಾಭ್ಯಾಸವಾದ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ತಿದ್ದಿಸುತ್ತ ಕುಳಿತೆ. ದೀಪಾವಳಿಯ ಹೊತ್ತಿಗೆ ನಾಲ್ವರು ಬಿಟ್ಟುಹೋದರು. ಮಕ್ಕಳಲ್ಲಿ ಶ್ರದ್ಧೆಯಿಲ್ಲವೆಂದು ನಾನು ಬಹಳ ಕಾಲ ತಪ್ಪು ತಿಳಿದಿದ್ದೆ. ಮೈಸೂರಿನ ಮಗು ಪಾಠಕ್ಕೆ ಬರುವ ಮೊದಲೇ ಅಜ್ಜಿಯ ದೇವರನಾಮ, ರಾಮೋತ್ಸವದ ಕಚೇರಿ, ಪಕ್ಕದ ಮನೆಯವರ ಅಭ್ಯಾಸ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡಿರುತ್ತದೆ, ಆದ್ದರಿಂದ ನಾವು ಅಲ್ಲಿ ಆ ಕೇಳ್ಮೆಗೆ ಕ್ರಮವನ್ನಷ್ಟೇ ಕೊಡುತ್ತೇವೆ. ಇಲ್ಲಿಯ ಎಷ್ಟೋ ಮಕ್ಕಳಿಗೆ ನಮ್ಮ ಸಂಗೀತ ಕಿವಿಗೆ ಬೀಳುವುದು ವಾರಕ್ಕೊಮ್ಮೆ, ನಮ್ಮೆದುರು ಕುಳಿತ ಆ ಮುಕ್ಕಾಲು ಗಂಟೆಯಲ್ಲಿ ಮಾತ್ರ.

ಪಿಯಾನೊ ಕಲಿಯುತ್ತಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಮಾಯಾಮಾಳವಗೌಳ ರಾಗದ ವರಸೆ ಕೇಳಿ, “ಆಂಟಿ, ನಿಮ್ಮ ರಿ ಒಂದು ಕಡೆ ಯಾಕೆ ನಿಲ್ಲುವುದಿಲ್ಲ?” ಎಂದು ಕೇಳಿದಳು. ಅವಳ ಕಿವಿಗೆ ಸ್ವರವೆಂದರೆ ಒತ್ತಿದರೆ ಒಂದೇ ಎತ್ತರದಲ್ಲಿ ನುಡಿಯುವ ಪಿಯಾನೊದ ಮನೆ (ಕೀ). ನಾನು ವೀಣೆಯನ್ನು ಅವಳ ತೊಡೆಗೆ ಒರಗಿಸಿ, ಅವಳ ಬೆರಳನ್ನು ತಂತಿಯ ಕೆಳಗಿನ ಲೋಹದ ಪಟ್ಟಿಯ, ಅಂದರೆ ಮೆಟ್ಟಿಲ ಮೇಲಿಟ್ಟು, ಮೀಟಿದ ಮೇಲೆ ತಂತಿಯನ್ನು ಮೆಲ್ಲಗೆ ಅಡ್ಡಕ್ಕೆ ಎಳೆಸಿದೆ. ಸ್ವರ ಮೇಲೇರಿ ಮರಳಿತು. ಅವಳು ಕೈ ತೆಗೆಯದೆ ಹತ್ತು ಸಲ ಹಾಗೆಯೇ ಎಳೆದಳು, ಆಮೇಲೆ ಕಣ್ಣು ಮುಚ್ಚಿ ಹಾಡಿ ನೋಡಿದಳು. ಸ್ವರದ ಈ ಓಲಾಟವನ್ನು, ಅಂದರೆ ಗಮಕವನ್ನು, ಅನುಕರಣೆಗೆ ಬಿಡದೆ ಬೆರಳಿಗೂ ಕಣ್ಣಿಗೂ ತೋರಿಸಿಕೊಡಬೇಕೆಂಬುದು ಆ ದಿನ ನನಗೆ ತಿಳಿಯಿತು. ಸಾಹಿತ್ಯದ ವಿಷಯದಲ್ಲೂ ಹೀಗೆಯೇ. ಲ ಮತ್ತು ಳ, ತ ಮತ್ತು ಟ ಬೇರೆಯಾಗಿ ಕೇಳಿಸದ ಮಗುವಿಗೆ ಆರಂಭದ ಪಾಠದ ಹಾಡಾದ ಪಿಳ್ಳಾರಿ ಗೀತೆಯನ್ನು ಹಾಡಿಸುವ ಮೊದಲು ನಾನು ಅರ್ಥ ಹೇಳಿ, ಒಂದೊಂದು ಪದವನ್ನೂ ಬಾಯಿಬಿಟ್ಟು ಹೇಳಿಸುತ್ತೇನೆ. ಇದಕ್ಕೆ ಹೋಗುವ ಸಮಯ ದಂಡವೆಂದು ಕೆಲವು ತಂದೆತಾಯಿಗಳಿಗೆ ಅನ್ನಿಸುತ್ತದೆ. ಅವರಿಗಾಗಿ ಇದನ್ನು ಬಿಡಬೇಡಿ.

ವೃತ್ತಿಯಲ್ಲಿ ಮುಂದಕ್ಕೆ ಹೋಗುವ ದಾರಿ ಮನೆಯ ಪಾಠದಿಂದ ಹೊರಗಿದೆ. ಪಶ್ಚಿಮ ಕೆನ್ಸಿಂಗ್ಟನ್ನಿನಲ್ಲಿರುವ ಭಾರತೀಯ ವಿದ್ಯಾಭವನ 1972ರಲ್ಲಿ ಸ್ಥಾಪನೆಯಾದದ್ದು, ನಮ್ಮ ಸಂಗೀತ ನೃತ್ಯಗಳನ್ನು ಕಲಿಸುತ್ತಿದೆ. ಅಲ್ಲಿಯ ಕಾರ್ಯಕ್ರಮಗಳಿಗೆ ಹೋಗಿ, ಹಿರಿಯರ ಪರಿಚಯ ಮಾಡಿಕೊಳ್ಳಿ. ಶಾಲೆಗಳ ಮಟ್ಟದಲ್ಲಿ, ಇಂಗ್ಲೆಂಡಿನಲ್ಲಿ 2012ರಿಂದ ಶಾಲಾ ಮಕ್ಕಳಿಗೆ ಸಂಗೀತ ಕಲಿಸುವುದನ್ನು ಪ್ರದೇಶವಾರು ಸಂಘಟಿಸುವ ಮ್ಯೂಸಿಕ್ ಹಬ್‌ಗಳ ವ್ಯವಸ್ಥೆ ಇದೆ, ಮತ್ತು ಹೊರಗಿನಿಂದ ಬಂದು ವಾದ್ಯ ಕಲಿಸುವವರಿಗೆ ಸರ್ಕಾರಿ ಶಿಕ್ಷಕ ಅರ್ಹತೆ ಕಡ್ಡಾಯವಲ್ಲ. ನಾನು ಮೊದಲ ಸಲ ಮೂವತ್ತು ಮಕ್ಕಳ ತರಗತಿಯ ಮುಂದೆ ನಿಂತಾಗ ಹಾಡಲು ಹೋಗದೆ ಎಂಟೆಣಿಕೆಯ ಆದಿತಾಳ ಹಾಕಿಸಿದೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು ಹುಸಿ (ಕೈ ಮಗುಚುವುದು) ಎರಡು ಬಾರಿ. ಎರಡೇ ನಿಮಿಷದಲ್ಲಿ ಇಡೀ ಕೋಣೆ ಒಂದೇ ಲಯಕ್ಕೆ ಬಂದಿತ್ತು. ಇಂಥ ಕೆಲಸಕ್ಕೆ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿಯಲೇಬೇಕು, ಏಕೆಂದರೆ ಸಹೋದ್ಯೋಗಿಗಳೊಡನೆ ಮಾತು ನಡೆಯುವುದು ಅದರಲ್ಲೇ. ಮುಂದೆ ಖಾಯಂ ಶಿಕ್ಷಕಿಯಾಗುವ ಆಸೆಯಿದ್ದರೆ ಪಿಜಿಸಿಇ ಎಂಬ ಶಿಕ್ಷಕ ತರಬೇತಿ ಮಾಡಿ ಕ್ಯೂಟಿಎಸ್ ಎಂಬ ಸರ್ಕಾರಿ ಶಿಕ್ಷಕ ಅರ್ಹತೆ ಪಡೆಯುವ ದಾರಿಯಿದೆ. ಅದಕ್ಕೆ ವಿದ್ವತ್ ಸಾಲದು, ಪದವಿ ಬೇಕು, ಆದ್ದರಿಂದ ನಿಮ್ಮ ಬಿ.ಎ. ಅಂಕಪಟ್ಟಿಗಳನ್ನು ಈಗಲೇ ತರಿಸಿಕೊಳ್ಳಿ.

ನನಗೆ ಅತ್ಯಂತ ಕಾಳಜಿಯಿರುವ ಮಾತು ಇನ್ನೊಂದಿದೆ. ಪಾಠಗಳು ಹೆಚ್ಚಿದಂತೆ ಸ್ವಂತ ಸಾಧನೆ ಹಿಂದೆ ಬೀಳುತ್ತದೆ. ನಾನು ಐದು ವರ್ಷ ಗೀತೆ, ವರ್ಣಗಳಾಚೆ ವೀಣೆ ನುಡಿಸಲೇ ಇಲ್ಲ. ಆಮೇಲೊಂದು ದಿನ ತೋಡಿ ರಾಗದ ಆಲಾಪನೆಗೆ ಕುಳಿತಾಗ ಎಡಗೈ ಮಾತು ಕೇಳಲಿಲ್ಲ, ಅತ್ತುಬಿಟ್ಟೆ. ನಿಮ್ಮ ಗುರುಗಳಲ್ಲಿ ಪಾಠವನ್ನು ಒಂದು ವಾರವೂ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಏಳಾದಾಗ ಮೈಸೂರಿನಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಮನೆಯವರು ಏಳುವ ಮೊದಲಿನ ಆ ಹೊತ್ತನ್ನು ಅದಕ್ಕೇ ಮೀಸಲಿಡಿ. ವೀಣೆಯನ್ನು ಮಾತ್ರ ರೇಡಿಯೇಟರಿನ ಹತ್ತಿರ ಇಡಬೇಡಿ, ಮೆಟ್ಟಿಲು ಹಿಡಿದಿರುವ ಮೇಣ ಬಿಸಿಗೆ ಮೆತ್ತಗಾಗುತ್ತದೆ.