ಥೈರಾಯ್ಡ್ ಗಂಟಿನ ಪರೀಕ್ಷೆಗೆ ಕಾಯುವಾಗ ಭಯ ತಡೆದುಕೊಳ್ಳುವುದು ಹೇಗೆ?

ಕುತ್ತಿಗೆಯಲ್ಲಿ ಗಂಟು ಸಿಕ್ಕಿದೆ, ಸ್ಕ್ಯಾನ್ ರಿಪೋರ್ಟಲ್ಲಿ ‘ಟೈರಾಡ್ಸ್ 4’ ಅಂತ ಬರೆದಿದ್ದಾರೆ, ಸೂಜಿ ಪರೀಕ್ಷೆ ಇರುವುದು ಮುಂದಿನ ಸೋಮವಾರ, ಅಲ್ಲಿವರೆಗೆ ಹೇಗಿರಲಿ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಹೀಗೇ ಕಾದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ 4ರ ವಿಷಯ. ಅದು ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ. ನನ್ನ ರಿಪೋರ್ಟಲ್ಲೂ 4 ಇತ್ತು. ನಾನು ಸ್ಟೇಜ್ ಅಂದುಕೊಂಡು, ಯಾರಿಗೂ ಹೇಳದೆ, ಎರಡು ರಾತ್ರಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ. ಎಲ್ಐಸಿ ಬಾಂಡ್ ಬೀರುವಿನ ಯಾವ ಖಾನೆಯಲ್ಲಿದೆ, ಮಗಳಿಗೆ ಯಾರು ಜಡೆ ಹಾಕುತ್ತಾರೆ, ಎಲ್ಲ ಯೋಚಿಸಿಬಿಟ್ಟಿದ್ದೆ. ಸ್ಕ್ಯಾನ್‌ನಲ್ಲಿ ಗಂಟು ಹೇಗೆ ಕಾಣುತ್ತದೆ, ಕಪ್ಪಗಿದೆಯಾ, ಅಂಚು ನುಣುಪಾಗಿದೆಯಾ, ಒಳಗೆ ಬಿಳಿ ಚುಕ್ಕಿಗಳಿವೆಯಾ, ಇದನ್ನೆಲ್ಲ ನೋಡಿ 1ರಿಂದ 5ರವರೆಗೆ ಕೊಡುವ ಅಂಕೆ ಅದು. ಅಮೆರಿಕದ ರೇಡಿಯಾಲಜಿ ಕಾಲೇಜಿನ ಪದ್ಧತಿಯಲ್ಲಿ 4 ಬಂದ ಗಂಟುಗಳಲ್ಲಿ ನೂರಕ್ಕೆ 5ರಿಂದ 20 ಮಾತ್ರ ಕ್ಯಾನ್ಸರ್ ಆಗಿರಬಹುದು. ಅಂದರೆ ನೂರರಲ್ಲಿ 80 ಅಥವಾ ಅದಕ್ಕೂ ಹೆಚ್ಚು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಸ್ಕ್ಯಾನ್‌ಗೆ ಕಾಣುವುದು ಆಕಾರ, ಜೀವಕೋಶ ಅಲ್ಲ. ಅದನ್ನು ನೋಡುವುದಕ್ಕೇ ಸೂಜಿ ಹಾಕುವುದು.

‘ಸೋಮವಾರದೊಳಗೆ ಹರಡಿಬಿಟ್ಟರೆ?’ ಅಂತಲೂ ಕೇಳಿದ್ದೀರಿ. ನನ್ನನ್ನು ತಿಂದ ಪ್ರಶ್ನೆಯೂ ಇದೇ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಪ್ಯಾಪಿಲರಿ ಅನ್ನುವ ಬಗೆಯವು, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥವು. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆಯಲ್ಲಿ 1 ಸೆಂ.ಮೀ. ಮೀರದ, ಅಪಾಯ ಕಡಿಮೆ ಇರುವ ಇಂಥ ಕ್ಯಾನ್ಸರನ್ನು 1993ರಿಂದಲೂ ತಕ್ಷಣ ಆಪರೇಷನ್ ಮಾಡದೆ, ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತ ಬಂದಿದ್ದಾರೆ. ಅವರು ವರ್ಷಗಟ್ಟಲೆ ಕಾದಿದ್ದಾರೆ ಅನ್ನುವುದು ತಿಳಿದ ಮೇಲೆ ನನಗೆ ಒಂದು ವಾರ ಕಾಯುವ ಧೈರ್ಯ ಬಂತು. ಆದರೆ ಉಸಿರಾಡಲು ಕಷ್ಟವಾದರೆ, ನುಂಗಲು ಆಗದಿದ್ದರೆ, ದನಿ ಒಡೆದರೆ, ಗಂಟು ನೋಡನೋಡುತ್ತ ದೊಡ್ಡದಾದರೆ ಸೋಮವಾರದವರೆಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಕೈ. ನನ್ನ ಗಂಟನ್ನು ಮೊದಲು ನೋಡಿದ್ದು ಮಗಳು. ಚೊಂಬೆತ್ತಿ ನೀರು ಕುಡಿಯುತ್ತಿದ್ದೆ, ‘ಅಮ್ಮಾ, ನಿನ್ನ ಕುತ್ತಿಗೇಲಿ ಏನೋ ಮೇಲೆ ಹೋಗಿ ಕೆಳಗೆ ಬರ್ತಿದೆ’ ಅಂದಳು. ಅವತ್ತಿನಿಂದ ಬೆರಳು ಅಲ್ಲಿಂದ ಇಳಿಯಲೇ ಇಲ್ಲ. ಬಸ್ಸಲ್ಲಿ, ಒಲೆ ಮುಂದೆ, ನಿದ್ದೆಗಣ್ಣಲ್ಲಿ, ಒತ್ತಿ ಒತ್ತಿ ನೋಡುವುದು. ನಾಲ್ಕೇ ದಿನಕ್ಕೆ ಅಲ್ಲಿ ನೋವು ಶುರುವಾಯಿತು. ನೋವು ಬಂತಲ್ಲ, ಜಾಸ್ತಿ ಆಗಿದೆ ಅಂತ ಇನ್ನಷ್ಟು ಭಯ. ನೋವು ಮಾಡಿಕೊಂಡಿದ್ದು ನನ್ನ ಬೆರಳೇ.

ಅದನ್ನು ಬಿಡಿಸಿದ್ದು ನಮ್ಮ ಅತ್ತೆ. ಡಿಸೆಂಬರ್, ಅವರೆಕಾಯಿ ಕಾಲ. ಏನೂ ಕೇಳದೆ, ನೆನೆಸಿದ ಅವರೆಕಾಳಿನ ಪಾತ್ರೆ ತಂದು ಮುಂದಿಟ್ಟು ‘ಹಿತುಕು’ ಅಂದರು. ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಕಾಳು ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಎರಡು ಕೈಯೂ ಒದ್ದೆ, ಸೊಗಡು. ಅಂಥ ಕೈಯಲ್ಲಿ ಕುತ್ತಿಗೆ ಮುಟ್ಟಲು ಆಗುವುದಿಲ್ಲ. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಮಾರನೇ ದಿನ ನಾನೇ ಕಾಳು ನೆನೆಹಾಕಿದೆ. ಧ್ಯಾನ ಮಾಡಿ, ಪಾಸಿಟಿವ್ ಆಗಿರಿ ಅಂತ ಹತ್ತು ಜನ ಹೇಳಿದ್ದರು. ನನಗೆ ಅದ್ಯಾವುದೂ ಹತ್ತಲಿಲ್ಲ. ಕೈಗೆ ಕೆಲಸ ಬೇಕಿತ್ತು. ನಿಮ್ಮ ಮನೆಯಲ್ಲಿ ಹೂ ಕಟ್ಟುವುದೋ, ಸೊಪ್ಪು ಬಿಡಿಸುವುದೋ, ಯಾವುದಾದರೂ ಸರಿ, ಎರಡೂ ಕೈ ಬೇಡುವ ಕೆಲಸ ಹಿಡಿಯಿರಿ.

ರಾತ್ರಿಗೆ ಬೇರೆ ಉಪಾಯ ಮಾಡಿದ್ದೆ. ಎರಡು ಗಂಟೆಗೆ ಎಚ್ಚರವಾದರೆ ಮೊಬೈಲ್ ಹಿಡಿಯದೆ, ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಪ್ರಶ್ನೆ ಬರೆದಿಡುತ್ತಿದ್ದೆ. ಡಾಕ್ಟರ ಮುಂದೆ ಆ ಪುಟವನ್ನೇ ತೆರೆದಿಟ್ಟೆ. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು.

ಸೂಜಿ ಪರೀಕ್ಷೆ ನೀವು ಅಂದುಕೊಂಡಷ್ಟು ಘೋರವಲ್ಲ. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸುತ್ತಾರೆ. ಸಣ್ಣ ಸೂಜಿ, ಎರಡು ಮೂರು ಸಲ ಹಾಕಬಹುದು. ಸೂಜಿ ಒಳಗಿರುವಾಗ ಉಗುಳು ನುಂಗಬಾರದು, ಮಾತಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕುತ್ತಾರಾ ಅಂತಲೂ ಕೇಳಿ. ನನಗೆ ಮೊದಲ ಸಲ ಬರೀ ಕೈಯಲ್ಲಿ ಹಿಡಿದು ತೆಗೆದಿದ್ದರು, ಸ್ಯಾಂಪಲ್ ಸಾಲಲಿಲ್ಲ, ಮತ್ತೆ ಹೋಗಬೇಕಾಯಿತು.

ಆ ರಿಪೋರ್ಟಲ್ಲಿ ಬೇರೆ ಅಂಕೆ ಇರುತ್ತದೆ, ಬೆಥೆಸ್ಡಾ ಅಂತ, 1ರಿಂದ 6. ಇದನ್ನು ಟೈರಾಡ್ಸ್ ಜೊತೆ ಕಲಸಿಕೊಳ್ಳಬೇಡಿ. 1 ಅಂದರೆ ಸ್ಯಾಂಪಲ್ ಸಾಲದು, 2 ಅಂದರೆ ಕ್ಯಾನ್ಸರ್ ಅಲ್ಲ, 6 ಅಂದರೆ ಕ್ಯಾನ್ಸರ್. ನಡುವಿನವು ಅನುಮಾನದವು. 3 ಬಂದರೆ ಇನ್ನೊಮ್ಮೆ ಸೂಜಿ ಹಾಕಿ ನೋಡುವುದುಂಟು, ಮತ್ತೆ ಕಾಯುವುದಿರುತ್ತದೆ. ಅದಕ್ಕೂ ಮನಸ್ಸು ಸಿದ್ಧ ಇರಲಿ.

ನನಗೆ ಎರಡನೇ ಸಲ 2 ಬಂತು. ನಿಮಗೂ ಹಾಗೇ ಬರುತ್ತದೆ ಅಂತ ಹೇಳಲಾರೆ, ಅಂಥ ಮಾತು ನನಗೂ ಸಮಾಧಾನ ತಂದಿರಲಿಲ್ಲ. ನನ್ನ ನಾದಿನಿಗೆ ಪ್ಯಾಪಿಲರಿಯೇ ಬಂತು, ಗ್ರಂಥಿ ಪೂರ್ತಿ ತೆಗೆದರು. ಈಗ ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿದು, ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆ.

ಮನೆಯವರಿಗೆ ಇನ್ನೂ ಹೇಳಿಲ್ಲ ಅಂದಿದ್ದೀರಿ. ಒಬ್ಬರಿಗಾದರೂ ಇವತ್ತು ರಾತ್ರಿ ಹೇಳಿ, ಸೋಮವಾರ ಅವರನ್ನು ಕರೆದುಕೊಂಡು ಹೋಗಿ. ಕತ್ತಿನ ಸರ ಬಿಚ್ಚಿಸುತ್ತಾರೆ. ನನ್ನ ತಾಳಿಯನ್ನು ನಮ್ಮತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಾನು ಹೊರಗೆ ಬರುವವರೆಗೂ ಬೆಂಚಿನ ಮೇಲೆ ಕೂತಿದ್ದರು.