ಕ್ರೋನ್ಸ್ ಆಪರೇಷನ್ ಆದ ಮೇಲೆ ನೋವಿಗೆ ಗಾಂಜಾ ಎಣ್ಣೆ ಕೊಡಬಹುದಾ?

ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯಿಂದ ನಿಮ್ಮ ತಮ್ಮನ ಸಣ್ಣ ಕರುಳಿನ ಕೊನೆಯ ಭಾಗ ತೆಗೆದು ಮೂರು ವಾರ ಆಗಿದೆ, ನೋವು ಇನ್ನೂ ಇದೆ, ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಸಿಗುವ ‘ವಿಜಯಾ’ (ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು) ಎಣ್ಣೆ ಕೊಡು ಅಂದಿದ್ದಾನೆ, ಕೊಡಲಾ ಅಂತ ಕೇಳಿದ್ದೀರಿ. ಈಗ ಕೊಡಬೇಡಿ. ಅದು ಯಾವ ನೋವು ಅಂತ ಮೊದಲು ಸರ್ಜನ್ ಹತ್ತಿರ ಕೇಳಿ.

ನನಗೂ ಇದೇ ಕಾಯಿಲೆ, ಇದೇ ಆಪರೇಷನ್. ಆಗಿದ್ದು ಕೆನಡಾದಲ್ಲಿ. ಅಲ್ಲಿ ಔಷಧಿಯಾಗಿ ಗಾಂಜಾ 2001ರಿಂದ ಇದೆ, 2018ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಸಿಗುತ್ತದೆ. ಮುಚ್ಚುಮರೆ ಏನೂ ಇಲ್ಲ. ಆಪರೇಷನ್‌ಗೆ ಮುಂಚೆ ಅನಸ್ತೇಶಿಯಾ ಡಾಕ್ಟರ್ ಬಿಪಿ, ಶುಗರ್ ಕೇಳಿದಷ್ಟೇ ಸಲೀಸಾಗಿ ‘ಗಾಂಜಾ ತಗೋತೀರಾ? ಸೇದೋದಾ, ತಿನ್ನೋದಾ? ಕೊನೆಗೆ ತಗೊಂಡಿದ್ದು ಯಾವಾಗ?’ ಅಂದರು. ದಾವಣಗೆರೆಯಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕೂತಿದ್ದರು. ‘ಏನಂತೆ?’ ಅಂದರು. ‘ಸಿಗರೇಟ್ ಅಭ್ಯಾಸ ಇದೆಯಾ ಅಂತ ಕೇಳ್ತಿದ್ದಾರಮ್ಮ’ ಅಂದುಬಿಟ್ಟೆ.

ಆ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ದಿನಾ ಗಾಂಜಾ ತೆಗೆದುಕೊಳ್ಳುವವರಿಗೆ ಅರಿವಳಿಕೆ ಮದ್ದು ಜಾಸ್ತಿ ಬೇಕಾಗಬಹುದು, ಆಪರೇಷನ್ ಆದ ಮೇಲೆ ನೋವೂ ಜಾಸ್ತಿ ಇರಬಹುದು. ಅಮೆರಿಕದ ಅನಸ್ತೇಶಿಯಾ ತಜ್ಞರ ಸಂಘವೊಂದು ಎಲ್ಲ ರೋಗಿಗಳಿಗೂ ಇದನ್ನು ಕೇಳಬೇಕು ಅಂತ 2023ರಲ್ಲಿ ಹೇಳಿದೆ. ನಿಮ್ಮ ತಮ್ಮನಿಗೆ ಮೊದಲೇ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಲಿ. ಅವರು ಬೈಯೋದಿಲ್ಲ.

ಈಗ ನೋವಿನ ವಿಷಯ. ಎದ್ದು ಕೂರುವಾಗ, ಕೆಮ್ಮುವಾಗ ಹೊಲಿಗೆ ಹತ್ತಿರ ಎಳೆದ ಹಾಗಾಗುವುದು ಮೂರು ವಾರಕ್ಕೆ ಸಾಮಾನ್ಯ. ನಾನಂತೂ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯದೆ ಕೆಮ್ಮುತ್ತಲೇ ಇರಲಿಲ್ಲ. ಆದರೆ ಬಿಟ್ಟು ಬಿಟ್ಟು ಹಿಂಡುವ ನೋವು, ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು ಇದ್ದರೆ ಕರುಳು ಕಟ್ಟಿಕೊಂಡಿರಬಹುದು. ಜ್ವರ, ಚಳಿ ಬಂದು ನೋವು ಏರುತ್ತಿದ್ದರೆ ಕರುಳು ಜೋಡಿಸಿದ ಜಾಗದಲ್ಲಿ ಸೋರುತ್ತಿರಬಹುದು, ಒಳಗೆ ಕೀವು ಕಟ್ಟಿರಬಹುದು. ಇಂಥ ಹೊತ್ತಲ್ಲಿ ಎಣ್ಣೆ ಕೊಟ್ಟು ಮಲಗಿಸಿದರೆ ಆಸ್ಪತ್ರೆಗೆ ಹೋಗುವುದು ಒಂದು ದಿನ ತಡವಾಗುತ್ತದೆ. ಅದೇ ಭಯ ನನಗೆ. ಜೊತೆಗೆ ಗಾಂಜಾದಲ್ಲಿ ನಶೆ ತರುವ ಅಂಶವಾದ ಟಿಎಚ್‌ಸಿ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ. ಆಪರೇಷನ್ ಆದ ಕರುಳು ಮೊದಲೇ ಮಂಕಾಗಿರುತ್ತದೆ, ಅಲ್ವಾ?

ನೋವು ಕಡಿಮೆ ಆಗುತ್ತದೆ ಅನ್ನುವುದಕ್ಕಾದರೂ ಆಧಾರ ಇದೆಯಾ? ಆಪರೇಷನ್ ನೋವಿಗೆ ತೀರಾ ಕಡಿಮೆ. ಕೆನಡಾದಲ್ಲೇ ನಡೆದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡ ಆಪರೇಷನ್ ಆದವರಿಗೆ ಮಾರ್ಫಿನ್ ಜೊತೆ ನಾಬಿಲೋನ್ ಕೊಟ್ಟರು. ಅದು ಟಿಎಚ್‌ಸಿ ಥರದ ಮಾತ್ರೆ. ಜಾಸ್ತಿ ಡೋಸ್ ತೆಗೆದುಕೊಂಡವರಿಗೆ ನೋವು ಇಳಿಯುವ ಬದಲು ಏರಿತ್ತು.

ಕ್ರೋನ್ಸ್ ಕಾಯಿಲೆಯ ಮೇಲೇ ಇಸ್ರೇಲಿನಲ್ಲಿ ಕೆಲಸ ನಡೆದಿದೆ. 2013ರಲ್ಲಿ 21 ರೋಗಿಗಳನ್ನು 8 ವಾರ ನೋಡಿದರು. ಗಾಂಜಾ ಸೇದಿದ 11 ಜನರಲ್ಲಿ 10 ಜನ ಸುಧಾರಿಸಿದರು. ಟಿಎಚ್‌ಸಿ ತೆಗೆದ ಗಾಂಜಾ ಸೇದಿದ 10 ಜನರಲ್ಲಿ 4 ಜನ. ಆದರೆ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಂದರೆ ಆರಾಮ ಅನ್ನಿಸಿದರೂ ಒಳಗಿನ ಕಾಯಿಲೆ ಇದ್ದ ಹಾಗೇ ಇರಬಹುದು. ಆಮೇಲೆ ಗಾಂಜಾದ್ದೇ ಇನ್ನೊಂದು ಅಂಶ, ನಶೆ ಬಾರದ ಸಿಬಿಡಿಯನ್ನು ಮಾತ್ರ ದಿನಕ್ಕೆರಡು ಸಲ 10 ಮಿಲಿಗ್ರಾಂ ಕೊಟ್ಟು ನೋಡಿದರು. ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ.

ನಾನು ತೆಗೆದುಕೊಂಡಿದ್ದೇನೆ. ಆದರೆ ಗಾಯ ಪೂರ್ತಿ ಮಾಗಿ, ಕೊಲೊನೊಸ್ಕೋಪಿಯಲ್ಲಿ ಕಾಯಿಲೆ ಮರಳಿಲ್ಲ ಅಂತ ಗೊತ್ತಾಗಿ, ಗ್ಯಾಸ್ಟ್ರೋ ಡಾಕ್ಟರ್ ಹೂಂ ಅಂದ ಮೇಲೆ. ಸಿಬಿಡಿ ಜಾಸ್ತಿ, ಟಿಎಚ್‌ಸಿ ಚೂರು ಇದ್ದ ಎಣ್ಣೆ. ಸೂಜಿ ಇಲ್ಲದ ಸಣ್ಣ ಸಿರಿಂಜ್‌ನಲ್ಲಿ ಎಳೆದು, ರಾತ್ರಿ ನಾಲಿಗೆ ಕೆಳಗೆ ಬಿಟ್ಟುಕೊಳ್ಳುತ್ತಿದ್ದೆ. ಹಸಿ ಹುಲ್ಲು ಅಗಿದ ಹಾಗೆ ರುಚಿ, ಆಮೇಲೆ ಗಂಟಲಲ್ಲಿ ಕಹಿ. ನಿದ್ದೆ ಚೆನ್ನಾಗಿ ಬಂತು. ನೋವು ಹೋಗಲಿಲ್ಲ, ಅದರ ಕಡೆ ಗಮನ ಕಡಿಮೆ ಆಯಿತು ಅಷ್ಟೆ. ಬೆಳಿಗ್ಗೆ ತಲೆ ಮಂಪರು ಅಂತ ಕಾರು ಓಡಿಸುತ್ತಿರಲಿಲ್ಲ. ನಿದ್ದೆ ಸರಿಹೋದ ಮೇಲೆ ಬಿಟ್ಟೆ. ಗಮ್ಮಿ, ಅಂದರೆ ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ ಮಾತ್ರ ಬೇಡವೇ ಬೇಡ. ಅದು ಹತ್ತಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ ಏನೂ ಆಗಲಿಲ್ಲ ಅಂತ ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೂ ಅಲ್ಲದೆ, ನಮ್ಮಂಥವರಿಗೆ ಕರುಳಿನ ಆ ಭಾಗ ಹೋಗಿರುವುದರಿಂದ ಕೊಬ್ಬು ಸರಿಯಾಗಿ ಹೀರದೇ ಇರಬಹುದು. ಕೊಬ್ಬಿನ ಜೊತೆ ಹೋಗುವ ಈ ಮದ್ದು ಇವತ್ತು ಹಿಡಿದಷ್ಟು ನಾಳೆ ಹಿಡಿಯುತ್ತದೆ ಅನ್ನುವಂತಿಲ್ಲ.

ಬೇರೆ ಮಾತ್ರೆಗಳ ಜೊತೆಯೂ ತಕರಾರಿದೆ. ಸಿಬಿಡಿ ಲಿವರ್ ಎಂಜೈಮ್ ಏರಿಸಬಹುದು. ಕ್ರೋನ್ಸ್‌ಗೆ ಕೊಡುವ ಅಜಥಯೋಪ್ರಿನ್ ಕೂಡ ಏರಿಸಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸಿಬಿಡಿಯನ್ನೂ ಸೇರಿಸಿದರೆ ರಕ್ತ ಜಾಸ್ತಿ ತೆಳುವಾಗಬಹುದು. ನೋವಿಗೆ ಕೊಡುವ ಟ್ರಮಡಾಲ್ ಜೊತೆ ಟಿಎಚ್‌ಸಿ ಸೇರಿದರೆ ಮಂಪರು ಇನ್ನೂ ಜಾಸ್ತಿ.

ಇನ್ನು ಕಾನೂನಿನ ವಿಷಯ. ಭಾರತದ ಮಾದಕ ವಸ್ತು ಕಾಯ್ದೆಯಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಿಡದ ಹೂತುದಿ ಮತ್ತು ರಾಳ ಬರುತ್ತವೆ, ಬರೀ ಎಲೆ ಮತ್ತು ಬೀಜ ಬರುವುದಿಲ್ಲ. ಆ ಸಂದಿಯಲ್ಲೇ ಎಲೆಯಿಂದ ತೆಗೆದ ವಿಜಯಾ ಎಣ್ಣೆ ಆಯುಷ್ ಲೈಸೆನ್ಸ್ ಪಡೆದು, ವೈದ್ಯರ ಚೀಟಿ ಮೇಲೆ ಮಾರಾಟ ಆಗುತ್ತದೆ. ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಕರುಳಿನ ಆಪರೇಷನ್ ನೋವಿಗೆ ಪರೀಕ್ಷಿಸಿದ್ದಾರೆ ಅಂತಲ್ಲ. ಸೂಪರ್ ಮಾರ್ಕೆಟ್‌ನ ಹೆಂಪ್ ಬೀಜದ ಎಣ್ಣೆಯಲ್ಲಂತೂ ಟಿಎಚ್‌ಸಿ, ಸಿಬಿಡಿ ಎರಡೂ ಲೆಕ್ಕಕ್ಕಿಲ್ಲ, ಅದನ್ನು ನೋವಿಗೆ ಅಂತ ಕೊಂಡು ದುಡ್ಡು ಹಾಳು ಮಾಡಬೇಡಿ. ವಿದೇಶದಿಂದ ತರಿಸುವ ಯೋಚನೆಯೂ ಬೇಡ.

ಸದ್ಯಕ್ಕೆ ಪ್ಯಾರಸಿಟಮಾಲನ್ನು ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ, ನೋವು ಏರಲಿ ಅಂತ ಕಾಯಬೇಡಿ. ಮೆಡಿಕಲ್ ಶಾಪಿನವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಟ್ಟರೆ ಬೇಡ ಅನ್ನಿ, ಕ್ರೋನ್ಸ್ ಕೆರಳಬಹುದು. ಎರಡು ಮೂರು ತಿಂಗಳಾದರೂ ನೋವು ನಿಲ್ಲದಿದ್ದರೆ, ಸ್ಕ್ಯಾನಿನಲ್ಲೂ ಏನೂ ಕಾಣದಿದ್ದರೆ, ಪೇನ್ ಕ್ಲಿನಿಕ್‌ಗೆ ಕಳಿಸಿ ಅಂತ ಕೇಳಿ. ವಿಜಯಾ ಮಾತು ಅಲ್ಲಿ ಎತ್ತಿ. ಬಾಟಲಿಯ ಲೇಬಲ್ ಫೋಟೊ ತಗೊಂಡು ಹೋಗಿ. ಒಂದು ಮಿಲಿಯಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಅದರ ಮೇಲೆ ಬರೆದಿಲ್ಲದಿದ್ದರೆ ಆ ಬಾಟಲಿ ಕೊಳ್ಳಲೇಬೇಡಿ.